ಬಿಡುವ ಮನೆಗೆ ಹೊಸ ಬಾಗಿಲು

“ಕೇಳಿರಪ್ಪೋ ಕೇಳಿ! ಬರುವ ಯುಗಾದಿಗೆ ಹೊಂಗೆಕುರ್ವೆ ನಡುಗಡ್ಡೆಯು ಗುತ್ತಿಗೆ ಮುಗಿದು ಈ ದೊರೆಯ ಕೈಬಿಟ್ಟು, ಒಡೆಯನಾದ ಆ ದೊರೆಯ ಕೈ ಸೇರುವುದು. ಊರಾಳುವ ಹತ್ತು ಹಿರಿಯರನ್ನು ಯಾರು ಆರಿಸಬೇಕೆಂಬುದು ತೀರ್ಮಾನವಾಗಿಲ್ಲ. ರಾಯಭಾರಿಗಳ ಮೂರು ಒಗಟು ಬಿಡಿಸಿದವರು ಹೇಳಿದಂತೆಯೇ ನಡೆಯುವುದು. ತಪ್ಪಿದವರ ತಲೆ ಹೋಗುವುದು!”

ಹೀಗೆಂದು ಡಂಗುರ ಸಾರಿದರು. ಇಬ್ಬರು ರಾಯಭಾರಿಗಳು ಹದಿಮೂರು ಸಲ ಕೂತು ಮಾತಾಡಿ, ಪ್ರತಿ ಸಲವೂ ಇನ್ನಷ್ಟು ಗೋಜಲು ಮಾಡಿಕೊಂಡು ಎದ್ದಿದ್ದರು. ಹೋಗುವ ದೊರೆ ತೊಂಬತ್ತೊಂಬತ್ತು ವರ್ಷ ಜಮೀನ್ದಾರರಿಗಷ್ಟೇ ಮಡಕೆಗೆ ಕವಡೆ ಹಾಕಿ ಹಿರಿಯರನ್ನು ಆರಿಸಲು ಬಿಟ್ಟಿದ್ದ. ಈಗ ಎಲ್ಲರೂ ಹಾಕಲಿ ಎನ್ನುತ್ತಾನೆ. ಜನರೆಲ್ಲ ನಮ್ಮವರೇ ಎನ್ನುವ ಬರುವ ದೊರೆ, ಹಳೆಯ ಪದ್ಧತಿಯೇ ಇರಲಿ ಎನ್ನುತ್ತಾನೆ. ಇವರಲ್ಲಿ ಯಾರು ಒಳ್ಳೆಯವರೆಂದು ನನ್ನನ್ನು ಕೇಳಬೇಡಿ, ನನಗೂ ತಲೆ ಕೆಟ್ಟಿದೆ.

ಹೋಗುವ ದೊರೆಯ ರಾಯಭಾರಿ ಮೊದಲ ಒಗಟು ಹೇಳಿದ: “ಬಾಡಿಗೆಯವನು ಮನೆ ಬಿಡುವ ಮುನ್ನಾದಿನ ಹೊಸ ಬಾಗಿಲು ಇಡಿಸಿದ. ಅದು ಯಾರದು?”

“ಬಾಡಿಗೆಯವನದು” ಎಂದರು ಶಾನುಭೋಗರು. ಬರುವ ದೊರೆಯ ರಾಯಭಾರಿ ತಪ್ಪೆಂದ. “ಹಾಗಾದರೆ ಮನೆಯೊಡೆಯನದು” ಎಂದರು ಪಂಡಿತರು. ಹೋಗುವವನ ರಾಯಭಾರಿ ತಪ್ಪೆಂದ. ಇಬ್ಬರನ್ನೂ ಕಂಬಕ್ಕೆ ಕಟ್ಟಿದರು. ಸರಿಯುತ್ತರ ಯಾವುದೆಂದು ಕಟ್ಟಿದವರಿಗೂ ಗೊತ್ತಿರಲಿಲ್ಲ.

ಆಗ ಅಂಬಿಗರ ಸೋಮಿ ಮುಂದೆ ಬಂದಳು. ಹದಿಮೂರು ಸಲವೂ ರಾಯಭಾರಿಗಳನ್ನು ಹೊಳೆ ದಾಟಿಸಿದವಳು ಅವಳೇ. ಅವಳ ಕುಲದವರು ಎಂದೂ ಕವಡೆ ಮುಟ್ಟಿದವರಲ್ಲ. ಅವಳು ಹೇಳಿದಳು: “ಬಾಗಿಲು ಅದರಲ್ಲಿ ಹೋಗಿ ಬರೋರದ್ದು, ಒಡೆಯಾ. ಅಲ್ಲ ಅನ್ನೋದಾದ್ರೆ ಈ ಜನರ ಎದುರಿಗೇ ಅನ್ನಿ.”

ರಾಯಭಾರಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಜನರಿಗಾಗಿಯೇ ಬಂದೆವೆಂದವರು ಜನರೆದುರು ಅಲ್ಲ ಎನ್ನುವುದು ಹೇಗೆ? ಸರಿಯೆಂದು ತಲೆಯಾಡಿಸಿದರು.

ಬರುವವನ ರಾಯಭಾರಿ ಎರಡನೆಯದನ್ನು ಹೇಳಿದ: “ಹತ್ತು ಜನ ಕೂತ ದೋಣಿ ನಡುಹೊಳೆಯಲ್ಲಿ ಗಡಿ ದಾಟುತ್ತದೆ. ಅಂಬಿಗ ಬದಲಾದಾಗ ಕೂತವರು ಏನು ಮಾಡಬೇಕು?”

ಸೋಮಿಗೆ ನಗು ಬಂತು. “ಕೂತೇ ಇರ್ಬೇಕು, ಒಡೆಯಾ. ನಡುನೀರಲ್ಲಿ ಇಳಿಸಿದ್ರೆ ಮುಳುಗ್ತಾರೆ. ದಡ ಮುಟ್ಟಿದ ಮೇಲೆ, ಹತ್ತಿಸಿದ ಜನರೇ ಬೇಕಾದ್ರೆ ಇಳಿಸ್ಲಿ.”

ಅದನ್ನೂ ತಪ್ಪೆನ್ನಲಾಗದೆ ಮೂರನೆಯದನ್ನು ಇಬ್ಬರೂ ಕೂಡಿ ಹೇಳಿದರು, ಅಷ್ಟು ಗಾಬರಿಯಾಗಿತ್ತು. “ಹಾಕುವಾಗ ಯಾರೂ ನೋಡಬಾರದು, ತೆಗೆಯುವಾಗ ಎಲ್ಲರೂ ನೋಡಬೇಕು. ಏನದು?”

“ಕಳ್ಳಗಂಟು!” ಎಂದು ಕಂಬದಿಂದಲೇ ಕೂಗಿದರು ಶಾನುಭೋಗರು.

“ಮಡಕೆಗೆ ಹಾಕೋ ಕವಡೆ” ಎಂದಳು ಸೋಮಿ. “ಹಾಕುವಾಗ ನೋಡಿದ್ರೆ ಹೆದರಿಕೆಗೆ ಬೀಳ್ತದೆ. ಎಣಿಸುವಾಗ ನೋಡ್ದಿದ್ರೆ ಮೋಸ ಆಗ್ತದೆ. ಅದನ್ನ ಎಲ್ಲರೂ ಹಾಕ್ಲಿ, ಒಡೆಯಾ. ಇದೇ ನನ್ನ ತೀರ್ಮಾನ.”

ಜನ ಹೋ ಎಂದರು. ರಾಯಭಾರಿಗಳಿಗೆ ಒಪ್ಪದೆ ಬೇರೆ ದಾರಿಯಿರಲಿಲ್ಲ. ಏನು ಬಹುಮಾನ ಬೇಕೆಂದು ಕೇಳಿದರೆ, ಮೊದಲು ಕಂಬದಲ್ಲಿದ್ದ ಆ ಇಬ್ಬರ ಕಟ್ಟು ಬಿಚ್ಚಿಸಿದಳು. ಆಮೇಲೆ, ಮೊದಲ ಕವಡೆ ತನ್ನದೇ ಆಗಬೇಕೆಂದಳು.

ಯುಗಾದಿಯ ಬೆಳಿಗ್ಗೆ ಹೊಳೆದಂಡೆಯಲ್ಲಿ ಮಡಕೆಗಳನ್ನು ಸಾಲಾಗಿ ಇಟ್ಟರು. ಸೋಮಿ ಕವಡೆ ಹಿಡಿದು ಬಂದಾಗ ಇಬ್ಬರು ರಾಯಭಾರಿಗಳೂ ಕತ್ತು ಚಾಚಿ ನಿಂತಿದ್ದರು.

“ಒಡೆಯರೇ, ಸ್ವಲ್ಪ ಆ ಕಡೆ ತಿರುಗಿ” ಎಂದಳು.

ತಿರುಗಿದರು.