ಸುಣಗೇರಿಯ ಬೆನ್ನುಗುಡ್ಡ

ಸುಣಗೇರಿಯ ಫುಟ್‌ಬಾಲ್ ಬಯಲಿನ ಮೂಡಲ ದಿಕ್ಕಿಗೆ ಒಂದು ಗುಡ್ಡವಿದೆ. ಗುಡ್ಡ ಎಂದರೆ ಅಂಥ ದೊಡ್ಡದೇನಲ್ಲ, ಒಂದು ಬೀಡಿ ಮುಗಿಯುವುದರೊಳಗೆ ಹತ್ತಿ ಇಳಿಯಬಹುದು. ಸರಕಾರದ ನಕಾಶೆಯಲ್ಲಿ ಅದಕ್ಕೊಂದು ನಂಬರು ಇದೆ, ಹೆಸರಿಲ್ಲ. ನಾವು ಅದನ್ನು ಬೆನ್ನುಗುಡ್ಡ ಎನ್ನುತ್ತೇವೆ. ಆಕಾರ ನೋಡಿ ಇಟ್ಟ ಹೆಸರಿರಬೇಕು ಎಂದುಕೊಂಡು ಹೊಸಬರು ದೂರ ನಿಂತು ಕತ್ತು ಓರೆ ಮಾಡಿ ನೋಡುತ್ತಾರೆ. ಎಷ್ಟು ನೋಡಿದರೂ ಕತ್ತು ಉಳುಕುತ್ತದೆಯೇ ಹೊರತು ಬೆನ್ನು ಕಾಣುವುದಿಲ್ಲ. ಮೇಲೆ ಹತ್ತಿದರೆ ಬಂಡೆಗಳಲ್ಲಿ ಕೂತು ಕೂತು ನುಣುಪಾದ ಕುಳಿಗಳಿವೆ. ಅವುಗಳ ನಡುವೆ ಒಂದು ಕಲ್ಲಿಗೆ ಸುಣ್ಣ ಬಳಿದಿದೆ. ಆಟ ನೋಡಲು ಮಾಡಿಕೊಂಡ ಜಾಗ ಎಂದು ಯಾರಾದರೂ ಹೇಳಬಹುದು. ಆದರೆ ಆ ಬಿಳಿಯ ಕಲ್ಲಿನ ಕುಳಿಯಲ್ಲಿ ಕೂತರೆ ಬಯಲು ಬೆನ್ನ ಹಿಂದೆ ಬೀಳುತ್ತದೆ, ಮುಖದ ಎದುರಿಗೆ ಜಾಲಿಯ ಪೊದೆ, ಎರಡು ಮೇಕೆ, ಅಷ್ಟೇ.

ಬಯಲಿನ ವಿಷಯವನ್ನೂ ಹೇಳಬೇಕು. ಅದರ ನಟ್ಟನಡುವೆ ಎತ್ತಿನ ಹಿಣಿಲಿನಂಥ ಒಂದು ಉಬ್ಬು ಇದೆ. ಈ ಗೋಲಿನಲ್ಲಿ ನಿಂತವನಿಗೆ ಆ ಗೋಲು ಕಾಣುವುದಿಲ್ಲ, ಚೆಂಡು ಉಬ್ಬು ಹತ್ತಿ ಇಳಿದ ಮೇಲೇ ಕಾಣುತ್ತದೆ. ಆಗ ಕಂಡು ಪ್ರಯೋಜನವಿಲ್ಲ. ಅದನ್ನು ಸಪಾಟು ಮಾಡುತ್ತೇವೆಂದು ಮೂರು ಸಲ ಜೆಸಿಬಿ ಬಂದಿತ್ತು, ಮೂರು ಸಲವೂ ಅದರ ಟೈರಿನ ಗಾಳಿ ಹೋಗಿತ್ತು. ಯಾರು ಬಿಟ್ಟರು ಎಂಬುದು ನನಗೆ ಗೊತ್ತಿಲ್ಲ, ಮೂರನೆಯ ಸಲದ್ದರ ಹೊರತು.

ಹಿಂದೆ ಒಮ್ಮೆ, ಊರಾಚೆಯ ಹತ್ತಿ ಗಿರಣಿಯ ಭೋಂಗಾ ಕೂಗಿದಾಗ ಸುತ್ತಲ ಹತ್ತು ಊರು ಎದ್ದು ಕೂಡುತ್ತಿದ್ದ ಕಾಲದಲ್ಲಿ, ಸುಣಗೇರಿಯವರೆಲ್ಲ ಸುಣ್ಣದ ಕಲ್ಲು ಸುಡುವವರಾಗಿದ್ದರು. ಭಟ್ಟಿ ಗುಡ್ಡದ ಬುಡದಲ್ಲಿತ್ತು, ಕುಡಿಯುವ ನೀರಿನ ಬಾವಿ ಬಯಲಿನ ಆಚೆ ಮಗ್ಗುಲಿಗಿತ್ತು. ಆ ಭಟ್ಟಿಯವರಲ್ಲಿ ಭರಮವ್ವ ಎಂಬವಳ ಗಂಡನಿಗೆ ನೀರು ಹಾಕಿ ಸುಣ್ಣ ಅರಳಿಸುವಾಗ ಸಿಡಿದು ಎರಡೂ ಕಣ್ಣು ಹೋದವು. ಕಣ್ಣು ಹೋದರೂ ಫುಟ್‌ಬಾಲಿನ ಹುಚ್ಚು ಹೋಗಲಿಲ್ಲ. ಭಾನುವಾರ ಬಂತೆಂದರೆ ಹೆಂಡತಿಯ ಸೆರಗು ಹಿಡಿದು ಗುಡ್ಡ ಹತ್ತಿ ಕೂಡುತ್ತಿದ್ದ. ಚೆಂಡು ಗುಡ್ಡದ ಕಡೆಯ ಅಂಚಿನಿಂದ ಬಂದರೆ ಅವಳು "ಭಟ್ಟೀ" ಎಂದು ಕೂಗುವಳು, ಆಚೆ ಅಂಚಿನಿಂದ ಬಂದರೆ "ಬಾವೀ" ಎನ್ನುವಳು. ಸುತ್ತಲಿನ ಗದ್ದಲದಲ್ಲಿ ಗಂಡನಿಗೆ ಕೇಳಿಸಲೆಂದು ಕೂಗಿದ ಕೂಗು ಬಯಲಿನಲ್ಲಿ ನಿಂತ ಗೋಲ್‌ಕೀಪರನಿಗೂ ಕೇಳಿಸಿತು. ಉಬ್ಬಿನ ಆಚೆಯದು ಕಾಣದ ಅವನು ಆ ಕೂಗು ನಂಬಿ ಹಾರತೊಡಗಿದ. ಮುಂದೆ ಇಡೀ ಗುಡ್ಡವೇ ಅವಳ ಹಿಂದೆ ದನಿ ಸೇರಿಸಿತು. ಗಂಡ ತೀರಿಕೊಂಡ ಮೇಲೂ ಭರಮವ್ವ ಕೂಗುವುದನ್ನು ಬಿಡಲಿಲ್ಲ. ಸುಣಗೇರಿಯ ಟೀಮು ಹನ್ನೊಂದು ಜನರದ್ದಲ್ಲ, ಹನ್ನೆರಡು ಜನರದ್ದು ಎಂಬ ಮಾತು ಆಗಿನಿಂದ ಬಂದದ್ದು ಎನ್ನುತ್ತಾರೆ.

ಅವಳ ಮಗ ಯಮನೂರ ಆ ಕೂಗನ್ನೇ ಹಾಲಿನ ಜೊತೆ ಕುಡಿದು ಬೆಳೆದವನು. ದೊಡ್ಡವನಾಗಿ ಸುಣಗೇರಿಯ ಗೋಲಿನಲ್ಲಿ ನಿಂತ. ಅವ್ವ ಬಾಯಿ ತೆರೆಯುವುದಕ್ಕೂ ಮಗ ಗಾಳಿಯಲ್ಲಿರುವುದಕ್ಕೂ ನಡುವೆ ಒಂದು ನೊಣ ನುಸುಳುವಷ್ಟೂ ಸಂದು ಇರುತ್ತಿರಲಿಲ್ಲವಂತೆ. ಅವನನ್ನು ಗಿರಣಿಯ ಮ್ಯಾನೇಜರ ಸಾಹೇಬ ನೋಡಿದ. ಗಿರಣಿಗೂ ಒಂದು ಟೀಮು ಇತ್ತು. ಬೂಟು, ಬನಿಯನ್ನು, ಆಟ ಮುಗಿದ ಮೇಲೆ ಕಿತ್ತಳೆ ಹಣ್ಣು ಎಲ್ಲ ಇತ್ತು, ಗೆಲುವೊಂದು ಇರಲಿಲ್ಲ. ಸಾಹೇಬ ಯಮನೂರನಿಗೆ ನೌಕರಿಯನ್ನೂ ಹೆಂಚಿನ ಕ್ವಾರ್ಟರ್ಸನ್ನೂ ಕೊಟ್ಟು ಕರೆದೊಯ್ದ. ಗುಡ್ಡದ ಜನ ಹಲ್ಲು ಕಡಿದರೂ ಭರಮವ್ವ ತಡೆಯಲಿಲ್ಲ. "ಹೋಗಲಿ ಬಿಡ್ರಿ. ಸುಣ್ಣಕ್ಕ ಈ ಮನಿಯಿಂದ ಎರಡು ಕಣ್ಣು ಕೊಟ್ಟದ್ದು ಸಾಕು," ಎಂದಳಂತೆ. ಗಿರಣಿಯ ಟೀಮು ನಮ್ಮ ಬಯಲಿಗೆ ಬಂದಾಗಲೂ ಅವಳು ಎರಡೂ ಗೋಲಿಗೆ ಕೂಗಿದಳು. ಪಕ್ಕದವರು, "ಯಾಕಬೇ ಯವ್ವಾ, ವೈರಿ ಗೋಲಿಗೂ ಕೂಗತೀ? ಗಿರಣಿಯವರು ನಿನಗೂ ಕಿತ್ತಳಿಹಣ್ಣು ಕೊಡತಾರೇನು?" ಎಂದು ಕೆಣಕಿದರೆ, "ನಾ ಕಂಡದ್ದು ಕೂಗತೀನಿ. ಗೋಲು ಯಾರದು ಅಂತ ನೋಡಿ ಕೂಗಿದರ ಅದು ಕೂಗಲ್ಲ, ಚಾಡಿ," ಎಂದು ಬಾಯಿ ಮುಚ್ಚಿಸಿದಳು.

ಆ ಬಯಲಿಗೆ ಇನ್ನೊಂದು ಪದ್ಧತಿಯೂ ಇತ್ತು. ಉಬ್ಬಿನ ದೆಸೆಯಿಂದ ರೆಫರಿಗೆ ಎಷ್ಟೋ ಸಲ ಗೋಲು ಕಾಣುತ್ತಿರಲಿಲ್ಲ. ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ತಕರಾರು ಬಂದರೆ ಗೋಲ್‌ಕೀಪರ್ ಬಾಗಿ, ಗೆರೆಯ ಸುಣ್ಣಕ್ಕೆ ಅಂಗೈ ಊರಿ, ಆಣೆ ಮಾಡಿ ಹೇಳಬೇಕು. ಅವನು ಹೇಳಿದ್ದೇ ಕಡೆಯ ಮಾತು. ಗೆರೆ ಎಳೆದದ್ದು ನಮ್ಮ ಭಟ್ಟಿಯ ಸುಣ್ಣದಿಂದ, ಅದನ್ನು ಮುಟ್ಟಿ ಯಾರೂ ಸುಳ್ಳಾಡಿರಲಿಲ್ಲ. ತನ್ನ ಮೇಲೆ ತಾನೇ ಗೋಲು ಒಪ್ಪಿಕೊಂಡು ಅತ್ತ ಕೀಪರರು ಇದ್ದರಂತೆ. ವರ್ಷದ ಪಂದ್ಯಾವಳಿಯ ಕಪ್ಪು ಗೆದ್ದ ಟೀಮಿನ ಬಾವುಟ ಮುಂದಿನ ವರ್ಷದ ತನಕ ಗುಡ್ಡದ ನೆತ್ತಿಯಲ್ಲಿ ಹಾರಬೇಕು ಎಂಬುದೂ ಪದ್ಧತಿಯೇ. ಆ ಬಾವುಟ ಸುಣಗೇರಿಯದಲ್ಲದೆ ಬೇರೆಯವರದು ಆದದ್ದನ್ನು ಆ ತನಕ ಯಾರೂ ಕಂಡಿರಲಿಲ್ಲ.

ಆ ವರ್ಷ ಕಡೆಯ ಪಂದ್ಯ ಸುಣಗೇರಿಗೂ ಗಿರಣಿಗೂ ಬಿತ್ತು. ರೆಫರಿಯಾಗಿ ಬಂದವನು ಮ್ಯಾನೇಜರನ ಷಡ್ಡಕ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿರುವಾಗ ನಮ್ಮ ಮೌಲಾಸಾಬ ಹೊಡೆದ ಚೆಂಡು ಯಮನೂರನ ತಲೆಯ ಮೇಲಿಂದ ಹೋಗಿ, ಗೆರೆಯಿಂದ ಎರಡು ಗೇಣು ಒಳಗೆ ಬಿದ್ದು ಪುಟಿಯಿತು. ಯಮನೂರ ಅದನ್ನು ಹಿಂದಿನಿಂದ ಬಾಚಿ ಎದೆಗೆ ಅವಚಿಕೊಂಡ. ಗುಡ್ಡವೆಲ್ಲ ಎದ್ದು ಕುಣಿಯಿತು. ಷಡ್ಡಕ ಮಾತ್ರ ಉಬ್ಬಿನ ಆಚೆ ನಿಂತಿದ್ದ. ಓಡಿಬಂದು ಪದ್ಧತಿಯಂತೆ ಕೇಳಿದ. ಯಮನೂರ ಬಾಗಿ ಗೆರೆ ಮುಟ್ಟಿದ. ಒಮ್ಮೆ ಮ್ಯಾನೇಜರನ ಕುರ್ಚಿಯ ಕಡೆ ನೋಡಿದ. "ದಾಟಿಲ್ರಿ. ನಮ್ಮವ್ವನಾಣಿ, ದಾಟಿಲ್ಲ," ಎಂದ.

ಗುಡ್ಡ ಕೂಗುವುದನ್ನೇ ಮರೆಯಿತು. ಎಲ್ಲರೂ ಭರಮವ್ವನ ಮುಖ ನೋಡಿದರು. ಚೆಂಡು ದಾಟಿದ್ದನ್ನು ಅವಳೂ ಕಣ್ಣಾರೆ ಕಂಡಿದ್ದಳು. ಅಷ್ಟರಲ್ಲಿ ಯಮನೂರ ಒದ್ದ ಚೆಂಡು ಆಚೆ ಹೋಗಿ ಗಿರಣಿಗೆ ಗೋಲೂ ಆಯಿತು, ಕಪ್ಪೂ ಹೋಯಿತು. ಗಿರಣಿಯವರು ಬ್ಯಾಂಡು ಬಾರಿಸುತ್ತ ಬಂದು ನಮ್ಮ ಗುಡ್ಡದ ಮೇಲೆ ನೀಲಿ ಬಾವುಟ ನೆಟ್ಟು ಹೋದರು. ಯಮನೂರ ಅಂಗೈಗೆ ಹತ್ತಿದ ಸುಣ್ಣವನ್ನು ಎಷ್ಟು ತೊಳೆದರೂ ಅದು ಹೋಗದೆ ಬೆಳ್ಳಗೆ ಉಳಿಯಿತು ಎನ್ನುತ್ತಾರೆ. ಬೆವರಿದ ಕೈಗೆ ಹಸಿ ಸುಣ್ಣ ಹತ್ತಿದರೆ ಚರ್ಮ ಸುಟ್ಟು ಕಲೆಯಾಗುತ್ತದೆ ಎಂಬುದು ನಮ್ಮ ಕೇರಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದರೂ ಎನ್ನುತ್ತಾರೆ.

ತಾಯಿಯ ಮೇಲೆ ಸುಳ್ಳು ಆಣೆ ಮಾಡಿದರೆ ವರ್ಷದೊಳಗೆ ತಾಯಿ ಸಾಯುತ್ತಾಳೆ ಎಂದು ಊರ ನಂಬಿಕೆ. ಭರಮವ್ವನ ಮನೆಯ ಬಾಗಿಲು ಬೆಳಿಗ್ಗೆ ತೆರೆಯುವುದು ಒಂದು ಗಳಿಗೆ ತಡವಾದರೆ ಓಣಿಯವರು ಬಂದು ಇಣುಕುತ್ತಿದ್ದರು. ಅವಳು ಕಸಬರಿಗೆ ಹಿಡಿದುಕೊಂಡು, "ಇನ್ನೂ ಇದ್ದೀನಿ, ಹೋಗ್ರಿ. ಸಾಯೂಕಿಂತ ಮೊದಲ ಒಂದು ಕೂಗು ಬಾಕಿ ಐತಿ," ಎನ್ನುತ್ತಿದ್ದಳು. ಮಗ ಎರಡು ಸಲ ಬಂದ. ಒಮ್ಮೆ ಸೀರೆ ತಂದ, ಒಮ್ಮೆ ಬರಿಗೈಯಲ್ಲಿ ಬಂದ. ಎರಡು ಸಲವೂ ಅವಳು ಬಾಗಿಲಿನ ಕಡೆ ತಿರುಗದೆ ಒಲೆಯ ಮುಂದೆಯೇ ಕೂತಳು. ದಿನವೂ ಭಟ್ಟಿಗೆ ಹೋಗುವಾಗ ತಲೆ ಎತ್ತಿದರೆ ಆ ನೀಲಿ ಬಾವುಟ. ಮಕ್ಕಳು ಅದಕ್ಕೆ ಕಲ್ಲು ಬೀರಿದರೆ, "ಕೀಳಬ್ಯಾಡ್ರಿ. ಹಾರಲಿ. ನನಗ ಮರೆತು ಹೋಗಬಾರದು," ಎಂದು ತಡೆಯುತ್ತಿದ್ದಳು.

ವರ್ಷ ತಿರುಗಿತು. ಕಡೆಯ ಪಂದ್ಯಕ್ಕೆ ಮತ್ತೆ ಅವೇ ಎರಡು ಟೀಮು ಬಂದವು. ಅಂದು ಬೆಳಿಗ್ಗೆ ಭರಮವ್ವ ಸುಣಗೇರಿಯ ಗೋಲ್‌ಕೀಪರ್ ನಿಂಗರಾಜನನ್ನು ಕರೆದು ಅವನ ಎರಡೂ ಕಿವಿಗೆ ಹತ್ತಿ ತುರುಕಿದಳು. ಹತ್ತಿ ಗಿರಣಿಯದೇ. ಗಾಡಿಯಿಂದ ಉದುರಿದ್ದನ್ನು ಅವಳು ವರ್ಷವಿಡೀ ಆರಿಸಿ ಕೂಡಿಟ್ಟಿದ್ದಳು. "ಇವತ್ತು ನನ್ನ ಕೂಗು ನಿನಗಲ್ಲ. ಕಣ್ಣಿಗೆ ಕಂಡಷ್ಟು ಹಿಡಿ," ಎಂದಳು. ಗುಡ್ಡದ ಜನಕ್ಕೆ ಹೇಳಿದ್ದೂ ಒಂದೇ ಮಾತು: "ಸೀಟಿ ಊದಿದ ಕೂಡಲೇ ಬಯಲಿಗೆ ಬೆನ್ನು ಮಾಡ್ರಿ. ನಾ ಏನು ಕೂಗತೀನೊ ಅದನ್ನ ಕೂಗ್ರಿ." ಮೌಲಾಸಾಬನ ಅಪ್ಪ, "ನೋಡದ ಹೆಂಗ ಕೂಗೂದು, ತಂಗೀ? ಸುಳ್ಳ ಆಗೂದಿಲ್ಲೇನು?" ಎಂದ. "ನೋಡಿ ಬ್ಯಾರೆ ಕೂಗಿದರ ಸುಳ್ಳು, ಅಣ್ಣಾ. ನೋಡದಾಕಿ ಏನು ಕೂಗಿದರೂ ಬರೇ ದನಿ," ಎಂದಳು. ಮಗ ಸುಳ್ಳಾಡಿದನೆಂದು ತಾನೂ ಸುಳ್ಳಾಡುವವಳಲ್ಲ ಅವಳು. ಸೇಡು ಬೇಕು, ನಾಲಿಗೆಯೂ ಸ್ವಚ್ಛ ಇರಬೇಕು. ಅದಕ್ಕಾಗಿ ಒಂದು ವರ್ಷ ಒಲೆಯ ಮುಂದೆ ಕೂತು ಹುಡುಕಿದ ದಾರಿ ಅದು.

ಆ ಕಡೆ ಮ್ಯಾನೇಜರ ಸಾಹೇಬ ದಡ್ಡನೇನಲ್ಲ. "ಯಮನೂರ, ಇವತ್ತು ಆ ಮುದುಕಿ ಏನಾದರೂ ಮೋಸ ಮಾಡ್ತಾಳೆ, ಕಿವಿ ಮುಚ್ಚಿಕೋ," ಎಂದನಂತೆ. ಯಮನೂರನಿಗೆ ಸಿಟ್ಟು ಬಂತು. "ನಮ್ಮವ್ವ ನನ್ನ ಬೈತಾಳ, ಮಾರಿ ತೋರಸಂಗಿಲ್ಲ, ಎಲ್ಲಾ ಖರೆ. ಸುಳ್ಳು ಮಾತ್ರ ಕೂಗಂಗಿಲ್ರಿ," ಎಂದು ಕಿವಿ ಬಿಚ್ಚಿಕೊಂಡೇ ಹೋಗಿ ನಿಂತ. ಅವನ ಮಾತೂ ಸರಿಯಾಗಿಯೇ ಇತ್ತು.

ಸೀಟಿ ಊದಿತು. ಮುನ್ನೂರು ಜನ ಒಟ್ಟಿಗೆ ತಿರುಗಿ ಬಯಲಿಗೆ ಬೆನ್ನು ಹಾಕಿದರು. ಗಿರಣಿಯವರ ಕುರ್ಚಿಗಳಲ್ಲಿ ನಗು ಎದ್ದಿತು. ಉಬ್ಬಿನ ಮೇಲೆ ಕಣ್ಣು ನೆಟ್ಟಿದ್ದ ಯಮನೂರನಿಗೆ ಇದು ಕಾಣಲಿಲ್ಲ. "ಬಾವೀ" ಎಂದು ಅವ್ವನ ದನಿ ಬಂತು, ಬೆನ್ನಿಗೇ ಗುಡ್ಡದ ದನಿ. ಯಮನೂರ ಬಾವಿಯ ಕಡೆ ಹಾರಿದ. ಚೆಂಡು ಭಟ್ಟಿಯ ಕಡೆಯಿಂದ ಸಾವಕಾಶ, ಮದುವೆಗೆ ಬಂದ ಬೀಗರ ಹಾಗೆ ಒಳಗೆ ಬಂತು. ಅವನು ಧೂಳಿನಿಂದ ತಲೆ ಎತ್ತಿ ಗುಡ್ಡದ ಕಡೆ ನೋಡಿದ. ಸಾಲು ಸಾಲು ಬೆನ್ನು, ನಡುವೆ ಅವ್ವನ ಹಸಿರು ಸೀರೆ. ಆಗ ಅವನಿಗೆ ತಿಳಿಯಿತು. ತಿಳಿದರೂ ಕಾಲು ಕೇಳಲಿಲ್ಲ. ಹುಟ್ಟಿದಂದಿನಿಂದ ಆ ದನಿಗೆ ಏಳುವ ಕಾಲು, ಮನಸ್ಸು ಬೇಡ ಎಂದರೂ ದನಿಯ ಕಡೆಗೇ ಎದ್ದಿತು. ಕೆಲವು ಸಲ ಅವಳ ಕೂಗು ತಾನಾಗಿಯೇ ನಿಜವಾಯಿತು, ಆಗ ಅವನು ಅನುಮಾನಪಟ್ಟು ನಿಂತಲ್ಲೇ ನಿಂತ. ಹೀಗೆ ನಾಲ್ಕು ಗೋಲು. ನಾಲ್ಕನೆಯದರ ಹೊತ್ತಿಗೆ ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದ. ಕಿವಿ ಮುಚ್ಚಿದ ಕೈಯಿಂದ ಚೆಂಡು ಹಿಡಿಯುವ ಕೀಪರ್ ಇನ್ನೂ ಹುಟ್ಟಿಲ್ಲ.

ಆಟ ಮುಗಿದ ಮೇಲೆ ಯಮನೂರ ಗುಡ್ಡ ಹತ್ತಿ ಅವ್ವನ ಬೆನ್ನ ಹಿಂದೆ ನಿಂತ. "ಅವ್ವಾ, ಸುಳ್ಳು ಕೂಗಿದಿ," ಎಂದ. "ನಾ ನೋಡಿಲ್ಲಪಾ. ನೋಡಿ ಹೇಳಿದಾಂವ ನೀನು," ಎಂದಳು. "ಏನು ಮಾಡಲಿ ಹೇಳು," ಎಂದು ಅವನು ಕಲ್ಲಿಗೆ ತಲೆ ಹಚ್ಚಿದ. "ಗೆರಿ ಮುಟ್ಟಿ ಹೇಳಿದ್ದನ್ನ ಗೆರಿ ಮುಟ್ಟೇ ಹಿಂದಕ ತಗೋಬೇಕು," ಎಂದಳು, ಮುಖ ತಿರುಗಿಸದೆ. ಅವನು ಇಳಿದು ಹೋದ. ಮ್ಯಾನೇಜರ, ಷಡ್ಡಕ, ಬ್ಯಾಂಡಿನವರು ಎಲ್ಲರ ಎದುರಿಗೆ ಸುಣ್ಣಕ್ಕೆ ಕೈ ಊರಿ, "ದಾಟಿತ್ತು" ಎಂದು ಕೂಗಿದ. ಗುಡ್ಡದ ಮೇಲಿಂದ ಭರಮವ್ವ, "ಕೇಳಿಸಲಿಲ್ಲ," ಎಂದಳು. ಮತ್ತೆ ಕೂಗಿದ. "ಕೇಳಿಸಲಿಲ್ಲ." ಮೂರನೆಯ ಸಲ ಅವನ ದನಿ ಒಡೆದು ಭಟ್ಟಿಯ ಕತ್ತೆಗಳು ಬೆದರಿ ಓಡಿದವು ಎನ್ನುತ್ತಾರೆ. ಭರಮವ್ವ ಎದ್ದು, ನೀಲಿ ಬಾವುಟವನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು, ಬಯಲಿನ ಕಡೆ ನೋಡದೆ ಆಚೆಯ ಇಳಿಜಾರಿನಿಂದ ಮನೆಗೆ ಹೋದಳು. ಮರುದಿನದಿಂದ ಅದು ಅವಳ ಮನೆಯ ಒಲೆ ಒರೆಸುವ ಬಟ್ಟೆಯಾಯಿತು.

ಸುಳ್ಳು ಆಣೆಗೆ ಅವಳು ಸಾಯಲಿಲ್ಲ. ಹಟಕ್ಕೆ ಬಿದ್ದು ತೊಂಬತ್ತರ ತನಕ ಬದುಕಿದಳು. ಪ್ರತಿ ಭಾನುವಾರ ಅದೇ ಕಲ್ಲಿನ ಮೇಲೆ ಬಯಲಿಗೆ ಬೆನ್ನು ಮಾಡಿ ಕೂತಳು, ಮತ್ತೆ ಎಂದೂ ಕೂಗಲಿಲ್ಲ. ಗಿರಣಿಯವರು ಹೊರಗೆ ಹಾಕಿದ ಮೇಲೆ ಯಮನೂರ ಭಟ್ಟಿಗೇ ಮರಳಿ, ವರ್ಷಕ್ಕೊಮ್ಮೆ ಆ ಕಲ್ಲಿಗೆ ಸುಣ್ಣ ಬಳಿದ. ಬಳಿಯುವಾಗಲೂ ಅವಳು ಎದ್ದೇಳುತ್ತಿರಲಿಲ್ಲವಂತೆ, ಅವನು ಅವಳ ಸುತ್ತ ಬಳಿಯಬೇಕಿತ್ತು.

ಇವತ್ತು ಗಿರಣಿ ಇಲ್ಲ, ಅದರ ಚಿಮಣಿಯಲ್ಲಿ ಗಿಣಿಗಳಿವೆ. ಉಬ್ಬು ಇದೆ, ಗುಡ್ಡ ಇದೆ, ಸುಣಗೇರಿಯ ಟೀಮು ಇದೆ. ಪ್ರತಿ ಪಂದ್ಯಕ್ಕೆ ಮೊದಲು ಯಮನೂರನ ಮನೆತನದ ಒಬ್ಬರು ಬಯಲಿಗಿಳಿದು, ಗೆರೆಗೆ ಕೈ ಊರಿ, "ದಾಟಿತ್ತು" ಎಂದು ಕೂಗಬೇಕು. ಗುಡ್ಡ "ಕೇಳಿಸಲಿಲ್ಲ" ಎನ್ನುತ್ತದೆ. ಮೂರು ಸಲ ಆದ ಮೇಲೆ ಆಟ ಶುರು. ಎರಡು ವರ್ಷದಿಂದ ಆ ಪಾಳಿ ನನ್ನದು, ಯಮನೂರ ನನ್ನ ಮುತ್ತಜ್ಜ. ಹೋದ ವರ್ಷ ಒಂದು ಸಲ, ಯಾವಾಗಲೂ ಇದೇ ಏಕೆ, ಒಂದು ಗಮ್ಮತ್ತು ಮಾಡೋಣ ಎಂದು ಬುದ್ಧಿ ಕೆಟ್ಟು, ಗೆರೆ ಮುಟ್ಟಿ "ದಾಟಿಲ್ಲ" ಎಂದು ಕೂಗಿದೆ. ನಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಗುಡ್ಡದ ಮೇಲೆ ಒಂದು ತಲೆ ತಿರುಗಿತು, ಹತ್ತು ತಿರುಗಿದವು, ಆಮೇಲೆ ಎಲ್ಲವೂ ತಿರುಗಿದವು. ಅಂದು ಒಂದೂ ಕೂಗಿಲ್ಲದೆ ನಮ್ಮ ಟೀಮು ಐದು ಗೋಲು ತಿಂದು ಸೋತಿತು.

ಸುಣಗೇರಿಗೆ ಬಂದವರು ಗುಡ್ಡ ಹತ್ತಿ ನೋಡಬೇಕು. ಬಿಳಿಯ ಕಲ್ಲಿನ ಪಕ್ಕದಲ್ಲಿ ಈಗ ಇನ್ನೊಂದು ಸಣ್ಣ ಕಲ್ಲಿದೆ, ಅದಕ್ಕೆ ಇನ್ನೂ ಕುಳಿ ಬಿದ್ದಿಲ್ಲ. ಅದರ ಮೇಲೆ ಭಾನುವಾರ ಒಬ್ಬ ಹೆಂಗಸು ಜಾಲಿಯ ಪೊದೆಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ಅಂದು ಮೊದಲು ತಿರುಗಿದ ತಲೆ ಅವಳದೇ. ನಾನು ಪ್ರತಿ ವಾರ ಕೆಳಗೆ ಗೆರೆ ಮುಟ್ಟಿ ಗಂಟಲು ಹರಿಯುವ ಹಾಗೆ "ದಾಟಿತ್ತು" ಎನ್ನುತ್ತಿದ್ದೇನೆ. ನಮ್ಮವ್ವನಿಗೆ ಇನ್ನೂ ಕೇಳಿಸಿಲ್ಲ.