ಔತಣಕ್ಕೆ ಯಾವ ಶಂಖ?

ಕಡಲಾಮೆಯ ಬೆನ್ನೇರಿ ಪ್ರವಾಸ ಹೊರಟವರಿಗೆ ಅಂದು ಸಂಜೆ ಔತಣ. ಖಾಲಿ ಶಂಖಗಳನ್ನೇ ಉಡುಪಾಗಿ ತೊಡುವ ಏಡಿಗೆ ಮಧ್ಯಾಹ್ನದಿಂದಲೇ ಚಡಪಡಿಕೆ. ಬಿಳಿಯ ಶಂಖ ತೀರಾ ಸಪ್ಪೆ; ಪಟ್ಟೆಯದು ತೊಟ್ಟರೆ ತನ್ನದೇ ಮದುವೆ ಅನ್ನುವಷ್ಟು ಆಡಂಬರ.

"ನೀವು ಯಾವುದರಲ್ಲಿ ಬರುತ್ತೀರಿ, ಅಕ್ಕಾ?" ಎಂದು ಪಕ್ಕದ ಸೀಗಡಿಯನ್ನು ಕೇಳಿತು.

"ಮೈಮೇಲಿರುವ ಇದೇ ಚಿಪ್ಪಿನಲ್ಲಿ, ತಮ್ಮಾ. ನೀನೂ ಯಾವುದಾದರೊಂದು ತೊಟ್ಟು ಬಾ. ಈ ಪಂಕ್ತಿಯಲ್ಲಿ ಚಿಪ್ಪಿದ್ದವರು ಅತಿಥಿಗಳು, ಇಲ್ಲದವರು ಅಡುಗೆ."

ಸೀಗಡಿ ಹೋಗಿ ಪಂಕ್ತಿಯಲ್ಲಿ ಕುಳಿತಿತು. ಏಡಿ ಬಿಳಿಯದರಿಂದ ಹೊರಬಂತು, ಪಟ್ಟೆಯದರೊಳಗೆ ಹೊಕ್ಕಿತು, ಮನಸ್ಸೊಪ್ಪದೆ ಮತ್ತೆ ಹೊರಬಂತು. ಊಟಕ್ಕೆ ಕರೆ ಬಂದಾಗ ಅದಿನ್ನೂ ಎರಡು ಶಂಖಗಳ ನಡುವೆ ಬರಿಮೈಯಲ್ಲಿ ನಿಂತು ಯೋಚಿಸುತ್ತಿತ್ತು.

ಅತ್ತ ಹಾದುಹೋಗುತ್ತಿದ್ದ ಹಾವುಮೀನು ಬಾಯಿ ಚಪ್ಪರಿಸಿತು: "ಆಹಾ, ಆಗಲೇ ಬಡಿಸಿಬಿಟ್ಟಿದ್ದಾರೆ!"