ಶೋರೂಮ್ ಗೇಟಿನ ಶ್ರದ್ಧಾಂಜಲಿ

ಫ್ಲೆಕ್ಸ್ ಅಂಗಡಿಯ ಬಸವೋಜಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ತಿಂಗಳಿಗೇ ಗೇರ್‌ಬಾಕ್ಸ್ ಕೈಕೊಟ್ಟಿತು. ಆ ಮಾಡೆಲ್‌ಗೆಲ್ಲ ಅದೇ ಕಾಯಿಲೆ ಎಂದರು ಮೆಕ್ಯಾನಿಕ್‌ಗಳು. ಕಾರು ಎಳೆಸಿಕೊಂಡು ಕಂಪನಿಯ ಶೋರೂಮಿಗೆ ಹೋದ. ಅಲ್ಲಿ ಗೋಡೆಯ ಮೇಲೆ 'ನಮ್ಮ ಕಾರು ಇರುವವರೆಲ್ಲ ನಮ್ಮ ಕುಟುಂಬ' ಎಂಬ ಬೋರ್ಡು. ಮ್ಯಾನೇಜರ್ ಸುಧೀಂದ್ರ ತಲೆ ಎತ್ತದೆ ಹೇಳಿದರು: "ವಾರಂಟಿ ಮುಗಿದಿದೆ. ನಮ್ಮ ಪಾಲಿಗೆ ಈ ಕಾರು ಸತ್ತ ಹಾಗೆ."

"ಸರಿ ಸಾರ್" ಎಂದು ಬಸವೋಜಿ ಹೊರಟ.

ಮರುದಿನ ಶುಕ್ರವಾರ. ಹೊಸ ಕಾರು ಒಯ್ಯಲು ಜನ ಹೂವು, ನಿಂಬೆಹಣ್ಣು ಹಿಡಿದು ಬಂದರೆ, ಗೇಟಿನೆದುರು ಹಾರ ಹಾಕಿಕೊಂಡ ಹಳೇ ಕಾರು. ಪಕ್ಕದಲ್ಲಿ ಆಳೆತ್ತರದ ಫ್ಲೆಕ್ಸ್: 'ಭಾವಪೂರ್ಣ ಶ್ರದ್ಧಾಂಜಲಿ'. ಮೇಲೆ ಕಾರಿನ ಫೋಟೋ. ಕೆಳಗೆ 'ದುಃಖತಪ್ತ ಕುಟುಂಬ ವರ್ಗ', ಅದರ ನಡುವೆ ಸುಧೀಂದ್ರರ ನಗುಮುಖ.

ಜನ ನಿಂಬೆಹಣ್ಣು ಹಿಡಿದುಕೊಂಡೇ ನಿಂತುಬಿಟ್ಟರು. ಸುಧೀಂದ್ರ ಓಡಿಬಂದರು. "ತೆಗೆಯಯ್ಯ ಇದನ್ನ."

"ಹನ್ನೊಂದು ದಿನ ಇರಬೇಕು ಸಾರ್. ಹೋದವರು ಅಷ್ಟರೊಳಗೆ ಎದ್ದು ಓಡಾಡಿದ್ರೆ ತೆಗೀತೀನಿ."

ಸಂಜೆಯೊಳಗೆ ಕಾರು ಓಡಾಡಿತು, ಬಿಲ್ಲಿಲ್ಲದೆ. ಬಸವೋಜಿ ಫ್ಲೆಕ್ಸ್ ಬಿಚ್ಚಿ, ಜೋಪಾನವಾಗಿ ಸುತ್ತಿ, ಡಿಕ್ಕಿಯಲ್ಲಿಟ್ಟ.

"ಅದನ್ನ ಇಲ್ಲೇ ಹರಿದು ಹಾಕು" ಎಂದರು ಸುಧೀಂದ್ರ.

"ಇರಲಿ ಸಾರ್. ಗಾಡಿಗೆ ವಾರಂಟಿ ಅಂತ ಒಂದು ಬೇಡ್ವಾ?"